ಎಷ್ಟು ಗಂಟೆಗೆ, ಎಷ್ಟು ಪರ್ಸೆಂಟು

ಸೂಜಿಗೆ ದಾರ ಪೋಣಿಸ್ತೀನಿ ನಾನು, ಒಂದೇ ಸಲಕ್ಕೆ.
ಪಕ್ಕದಲ್ಲೇ ಮಲಗಿದ್ದ ಮೇಕೆಯನ್ನ ಎಡವಿ ಬೀಳ್ತೀನಿ.
ಎರಡನ್ನೂ ಕಂಡ ದುದ್ದದ ಜನ ಅಂದದ್ದು ಒಂದೇ ಮಾತು:
ನಿಂಗಾಜಿ ನಾಟಕ ಆಡ್ತಾಳೆ.

ಮೊದಲು ಮೊರದಷ್ಟು ಕಾಣೋದು, ಆಮೇಲೆ ತಟ್ಟೆಯಷ್ಟು,
ಮದುವೆ ಹೊತ್ತಿಗೆ ಲೋಟದ ಬಾಯಿ,
ಈಗ ಎಂಟಾಣೆ.
ಅದರೊಳಗೆ ಬಿದ್ದದ್ದೆಲ್ಲ ನಿಚ್ಚಳ,
ಇರುವೆಯ ಮೀಸೆ, ಗಂಡನ ಮೂಗಿನ ಮೇಲಿನ ಮಚ್ಚೆ.
ಹೊರಗಿರೋದು ಕತ್ತಲೆಯೇನಲ್ಲ.
ನಿಮಗೆ ನಿಮ್ಮ ಬೆನ್ನ ಹಿಂದೆ ಏನು ಕಾಣುತ್ತೋ, ಅದು.

ಅತ್ತೆ ಇದಕ್ಕಿಟ್ಟ ಹೆಸರು ಸೊಕ್ಕು.
ಎದುರಿಗೆ ಬಂದ ಓರಗಿತ್ತಿಯನ್ನ ಮಾತಾಡಿಸದೆ ಹೋದೆನಂತೆ.
ಅಮ್ಮನ ಲೆಕ್ಕದಲ್ಲಿ ಗ್ರಹಣ:
ಬಸುರಿಯಾಗಿದ್ದಾಗ ಅಂಗಳಕ್ಕೆ ಬಂದುಬಿಟ್ಟೆ ಕಣೇ.
ಆ ತಪ್ಪನ್ನ ಅವಳು ಸಾಯೋವರೆಗೂ
ಯಾರಿಗೂ ಬಿಟ್ಟುಕೊಡಲಿಲ್ಲ.

ಹಾಸನದ ಆ ಕಚೇರಿಯ ಬೋರ್ಡು ಮೂರು ಸಲ ಬಣ್ಣ ಕಂಡಿದೆ.
ಅಂಗವಿಕಲರ ಅಂತಿತ್ತು, ವಿಕಲಚೇತನರ ಅಂತಾಯ್ತು,
ಈಗ ವಿಶೇಷ ಅಂತ ಏನೋ.
ಮೂಗು ತಾಗುವಷ್ಟು ಹತ್ತಿರ ನಿಂತು
ಒಂದೊಂದೇ ಅಕ್ಷರ ಎಂಟಾಣೆಯೊಳಕ್ಕೆ ಹಾಕಿಕೊಂಡು ಓದಿದೆ.
ಮೆಟ್ಟಿಲು ಮಾತ್ರ ಹಳೆಯವೇ. ಮೂರನೆಯದು ಮುರಿದಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೈಯೆತ್ತಿದರು. ಬೆರಳೆಷ್ಟು?
ಎರಡು ಸಾರ್, ಒಂದರ ಉಗುರಿಗೆ ಶಾಯಿ ಹತ್ತಿದೆ.
ಕಾಣುತ್ತಲ್ಲಮ್ಮ!
ಕಾಣೋದಕ್ಕೇನು, ಕಾಣುತ್ತೆ.
ಕಂಡದ್ದರ ಪಕ್ಕದ್ದು ಕಾಣಲ್ಲ.
ಅದನ್ನ ಅಳೆಯೋ ಮಿಷನ್ನು ಮೈಸೂರಲ್ಲಿದೆಯಂತೆ.
ನಲವತ್ತು ಇದ್ದರೆ ಕಾರ್ಡು, ಮೂವತ್ತೊಂಬತ್ತಾದರೆ ಇಲ್ಲ.

ಆಗ ಕೇಳಿದೆ:
ಈಗ ಹನ್ನೊಂದೂವರೆ. ಈ ಕಿಟಕಿ ಪಕ್ಕ ನಾನು ಇಪ್ಪತ್ತಿರಬಹುದು.
ಬಸ್‌ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ಅರವತ್ತು.
ಏಳು ಗಂಟೆಗೆ ಬಸ್ಸಿಳಿದರೆ ನೂರಕ್ಕೆ ನೂರು.
ರಹಮತ್‌ಬೀ ಜೊತೆಗಿದ್ದರೆ ಅದೇ ಏಳು ಗಂಟೆಗೆ ಸೊನ್ನೆ.
ಎಷ್ಟು ಗಂಟೆಯದು ಬರೀತೀರಿ ಸಾರ್?

ಫಾರಮ್ಮಿನಲ್ಲಿ ಗಂಟೆ ಬರೆಯೋ ಜಾಗ ಇರಲಿಲ್ಲ.

ಹೊರಗೆ ಫುಟ್‌ಪಾತಿಗೆ ಹಳದಿ ಉಬ್ಬುಗಲ್ಲು ಹಾಕಿದ್ದಾರೆ,
ನಮ್ಮಂಥವರಿಗಂತಲೇ.
ಪಾದದಲ್ಲಿ ಸವರಿಕೊಂಡು ನಂಬಿ ನಡೆದೆ.
ಅದು ನನ್ನನ್ನ ಕರೆದೊಯ್ದು ಒಂದು ಲೈಟುಕಂಬಕ್ಕೆ ಒಪ್ಪಿಸಿತು.
ಹಣೆಯ ಈ ಬುಗುಟೆಯಲ್ಲಿ
ನನ್ನ ಪಾಲೆಷ್ಟು, ಕಂಬದ ಪಾಲೆಷ್ಟು?

ಮೇ ತಿಂಗಳು ಮಂಡಿಯಲ್ಲಿ ಬಿತ್ತನೆ ಆಲೂಗೆಡ್ಡೆ ಕೊಯ್ಯೋ ಕೆಲಸ.
ಹೋಳಿಗೆ ಎರಡು ಕಣ್ಣಿರಬೇಕು, ಸಾಹುಕಾರರ ಕಟ್ಟಳೆ.
ಹೆಬ್ಬೆರಳಲ್ಲಿ ತಡವಿ ಎಣಿಸ್ತೀನಿ, ಚಾಕು ಹಾಕ್ತೀನಿ.
ಒಮ್ಮೆ ಕರೆಂಟು ಹೋಗಿ ಎಲ್ಲರ ಕೈ ನಿಂತಾಗ
ನನ್ನದೊಂದೇ ನಡೀತಿತ್ತು ಅಂತ
ಸಾಹುಕಾರರು ಬಂದವರಿಗೆಲ್ಲ ಹೇಳ್ತಾರೆ.
ಆ ಕತೆ ನನಗೆ ಬೇಡ.
ಆವತ್ತೇ ಬೆರಳು ಕೊಯ್ದುಕೊಂಡದ್ದು ಅದರಲ್ಲಿ ಬರೋದಿಲ್ಲ,
ಕೂಲಿ ಹೆಚ್ಚಿಸದೆ ಇದ್ದದ್ದೂ.

ಒಂದೇ ಕಣ್ಣಿನ ಹೋಳನ್ನ ಕಸಕ್ಕೆ ಎಸೀತಾರೆ.
ಐದು ತಂದು ಬಚ್ಚಲ ಹಿಂದೆ ಊರಿದ್ದೆ.
ಮೂರು ಮೊಳೆತವು, ಎರಡು ಕೊಳೆತವು.
ಇದರಿಂದ ಏನೂ ಸಾಬೀತಾಗೋದಿಲ್ಲ.
ಆ ವರ್ಷ ಅಂಗಮಾರಿ ಬಂದು
ಎರಡು ಕಣ್ಣಿನವೂ ಹೊಲಕ್ಕೆ ಹೊಲವೇ ಕೊಳೆತವು.

ಕಾರ್ಡು ಬಂತು. ನಲವತ್ತು.
ಫೋಟೋದಲ್ಲಿ ನಾನು ಬೇರೆಲ್ಲೋ ನೋಡ್ತಿದ್ದೀನಿ.
ಕಂಡಕ್ಟರು ಅದನ್ನ ತಿರುಗಿಸಿ ಮುರುಗಿಸಿ ನೋಡ್ತಾನೆ,
ನನ್ನ ಕಣ್ಣನ್ನೂ ನೋಡ್ತಾನೆ,
ಎರಡಕ್ಕೂ ತಾಳೆಯಾಗದೆ ವಾಪಸು ಕೊಡ್ತಾನೆ.

ಬಸ್ಸಿಳಿದ ಮೇಲೆ ರಹಮತ್‌ಬೀ ಮೊಣಕೈ ಮುಂದೆ ಮಾಡ್ತಾಳೆ.
ಇಷ್ಟು ವರ್ಷದಲ್ಲಿ ಅವಳು ಇದಕ್ಕೊಂದು ಹೆಸರಿಡಲಿಲ್ಲ.
ಸೊಸೆಯ ಮೇಲಿನ ದೂರು ಹೇಳ್ತಾ ಹೇಳ್ತಾ
ನಡುವೆ, ಉಸಿರು ಕೂಡ ಬದಲಿಸದೆ,
ಎಡಕ್ಕೆ ಗುಂಡಿ, ಅಂತಾಳೆ,
ಮತ್ತೆ ಸೊಸೆಗೆ ಬರ್ತಾಳೆ.